ಕರೆ ಬಂತು, ಸೀಟು ಬಂತೇ?

ಡಿಪ್ಲೊಮಾದ ಕೊನೆಯ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಕೂಡ್ಲಿಗಿ, ಕೊಟ್ಟೂರು, ಹೊಸಹಳ್ಳಿ ಕಡೆಯ ಹುಡುಗರ ಮೊಬೈಲಿಗೂ ಆ ಮೆಸೇಜು ಬರುತ್ತದೆ: ನೀವು ಸ್ಕಾಲರ್‌ಶಿಪ್‌ಗೆ ಆಯ್ಕೆಯಾಗಿದ್ದೀರಿ, ಇಂಥ ದಿನ ಕಾಲೇಜಿಗೆ ಬನ್ನಿ. ಮನೆಯಲ್ಲಿ ಲೆಕ್ಕ ಹಾಕುವುದು ಸರಳವಾಗಿ. ದುಡ್ಡೇ ಕೊಡ್ತೀವಿ ಅಂದೋರು ಸೀಟು ಕೊಡದೆ ಇರ್ತಾರಾ?

ಈ ತರ್ಕ ಪೂರ್ತಿ ಸುಳ್ಳಲ್ಲ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯ ತನ್ನ ‘ರೀಜೆಂಟ್ಸ್ ಅಂಡ್ ಚಾನ್ಸಲರ್ಸ್’ ವಿದ್ಯಾರ್ಥಿವೇತನಕ್ಕೆ ಆಯ್ದ ಕೆಲವರನ್ನು ಪ್ರವೇಶದ ತೀರ್ಮಾನ ಪ್ರಕಟವಾಗುವ ಮೊದಲೇ ಕರೆದದ್ದುಂಟು. ಅರ್ಜಿ ಓದುವುದು, ಸೀಟು ಕೊಡುವುದು, ಹಣ ಕೊಡುವುದು ಮೂರೂ ಒಂದೇ ಸಂಸ್ಥೆಯೊಳಗೆ ನಡೆಯುವುದರಿಂದ ಆ ಕರೆಯಲ್ಲಿ ಸುಳಿವು ಹುಡುಕುವವರನ್ನು ತಪ್ಪೆನ್ನಲಾಗದು. ಹಾಗೆಂದು ಅದು ಪ್ರವೇಶಪತ್ರವೂ ಅಲ್ಲ.

ನಮ್ಮಲ್ಲಿ ಆ ಕೆಲಸಗಳು ಬೇರೆ ಬೇರೆ ಕಡೆ ಹಂಚಿಹೋಗಿವೆ. ಡಿಪ್ಲೊಮಾ ಮುಗಿಸಿದವರು ಲ್ಯಾಟರಲ್ ಎಂಟ್ರಿಯಲ್ಲಿ ಬಿ.ಇ.ಯ ಮೂರನೇ ಸೆಮಿಸ್ಟರಿಗೆ ಸೇರಬೇಕಾದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಬರೆಯಬೇಕು. ರ‍್ಯಾಂಕು, ಮೀಸಲಾತಿ, ತುಂಬಿದ ಆಪ್ಷನ್ನು, ಇಷ್ಟರ ಮೇಲೆ ಕಂಪ್ಯೂಟರ್ ಸೀಟು ಹಂಚುತ್ತದೆ. 2007ರಲ್ಲಿ ಶುರುವಾದ ಹೂವಿನಹಡಗಲಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ಪ್ರಾಂಶುಪಾಲರು ಯಾರಿಗೆ ಎಷ್ಟೇ ಮೆಚ್ಚಿ ಪತ್ರ ಬರೆದರೂ ಆ ಹಂಚಿಕೆ ಒಂದಿಷ್ಟೂ ಕದಲದು. ಇಲ್ಲಿ ನಂಬಬಹುದಾದ ಸುಳಿವು ಒಂದಿದ್ದರೆ ಅದು ಪ್ರಾಧಿಕಾರದ್ದೇ ಅಣಕು ಸೀಟು ಹಂಚಿಕೆ. ಅದೂ ಖಾತ್ರಿಯಲ್ಲ, ಆದರೆ ಅದರ ಹಿಂದೆ ನಿಜವಾದ ರ‍್ಯಾಂಕುಗಳಿವೆ.

ಪತ್ರಕ್ಕಿಂತ ನಕ್ಷೆಯೇ ಇಲ್ಲಿ ಹೆಚ್ಚು ಮಾತಾಡುತ್ತದೆ. ಸಂವಿಧಾನದ 371(ಜೆ) ವಿಧಿಯ ಅಡಿಯ 2013ರ ಆದೇಶದಂತೆ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಸೀಟು ಈ ಭಾಗದವರಿಗೆ ಮೀಸಲು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ್ದ ಹರಪನಹಳ್ಳಿಗೆ ಈ ಸೌಲಭ್ಯ ಸಿಕ್ಕಿದ್ದು ಮರಳಿ ಬಳ್ಳಾರಿಯ ಕಡೆಗೆ ಬಂದಾಗ. ಗಡಿಗೆರೆ ಸರಿದದ್ದಕ್ಕೆ ತಾಲ್ಲೂಕಿನ ಮಕ್ಕಳ ಸೀಟಿನ ಲೆಕ್ಕವೇ ಬದಲಾಯಿತು.

ಹಣವೂ ಸೀಟೂ ಜೊತೆಯಾಗಿ ಬರುವ ದಾರಿ ಸರ್ಕಾರಿ ವ್ಯವಸ್ಥೆಯಲ್ಲಿ ಇಲ್ಲವೆಂದಲ್ಲ. ಸಿಇಟಿಯ ಎಂಜಿನಿಯರಿಂಗ್ ಸೀಟುಗಳಲ್ಲಿ ಶೇ. 5ರಷ್ಟು ಹೆಚ್ಚುವರಿಯಾಗಿ ಸೃಷ್ಟಿಸುವ ಎಸ್‌ಎನ್‌ಕ್ಯೂ ಕೋಟಾ ಹಾಗಿದೆ: ಸೀಟು ಸಿಕ್ಕರೆ ಬೋಧನಾ ಶುಲ್ಕ ಮಾಫಿ. ಉಳಿದ ಯೋಜನೆಗಳೆಲ್ಲ ಸೀಟಿನ ಬೆನ್ನಿಗೆ ಬರುವಂಥವು. ಹೆಣ್ಣುಮಕ್ಕಳಿಗೆ ವರ್ಷಕ್ಕೆ 50,000 ರೂಪಾಯಿ ಕೊಡುವ ಎಐಸಿಟಿಇಯ ‘ಪ್ರಗತಿ’ ಲ್ಯಾಟರಲ್ ಎಂಟ್ರಿಯವರಿಗೂ ಉಂಟು, ಆದರೆ ಪ್ರವೇಶವಾದ ಮೇಲೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ತಿಂಗಳಿಗೆ ಇಷ್ಟೆಂದು ಹತ್ತು ತಿಂಗಳು ಹಣ ಕೊಡುವ ‘ವಿದ್ಯಾಸಿರಿ’ಯೂ ಅಷ್ಟೆ.

ಹಾಗಾದರೆ ಖಾಸಗಿ ಕಾಲೇಜಿನ ಮೆಸೇಜು ಹೇಳುವುದೇನು? ತಾನೇ ಪ್ರವೇಶ ಕೊಡುವ ಸಂಸ್ಥೆಯಲ್ಲಿ ಕರೆ ಬಂದರೆ ಸೀಟು ಬಹುಮಟ್ಟಿಗೆ ಖಾತ್ರಿ. ಸೀಟು ತುಂಬದ ಕಾಲೇಜಾದರೆ ಕರೆ ಬರದಿದ್ದರೂ ಖಾತ್ರಿಯೇ! ಅಂಥ ಕರೆ ವಿದ್ಯಾರ್ಥಿಯ ಯೋಗ್ಯತೆಗಿಂತ ಕಾಲೇಜಿನ ಖಾಲಿ ಬೆಂಚುಗಳ ಸುದ್ದಿ ಹೇಳುತ್ತದೆ. ಡಿಸಿಇಟಿ ಫಲಿತಾಂಶಕ್ಕೂ ಮುಂಚೆ, ಅಂಕಪಟ್ಟಿಯನ್ನೂ ಕೇಳದೆ ‘ಆಯ್ಕೆಯಾಗಿದ್ದೀರಿ’ ಎಂದರೆ ಆಯ್ದದ್ದು ಯಾವುದರ ಮೇಲೆ? ರಿಯಾಯಿತಿ ಬೋಧನಾ ಶುಲ್ಕಕ್ಕೆ ಮಾತ್ರವೇ, ಮುಂದಿನ ವರ್ಷಕ್ಕೂ ಇದೆಯೇ, ಬಸ್ಸು-ಹಾಸ್ಟೆಲ್ ಖರ್ಚು ಯಾರದು ಎಂಬುದನ್ನು ಬರವಣಿಗೆಯಲ್ಲಿ ಕೊಡದ ಕರೆಗೆ ವಿದ್ಯಾರ್ಥಿವೇತನ ಎನ್ನುವ ಹೆಸರು ದೊಡ್ಡದಾಯಿತು.

ಆದರೂ ದೂರನ್ನೆಲ್ಲ ಕಾಲೇಜುಗಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಆಪ್ಷನ್ ತುಂಬುವ ದಿನ ಒಂದು ರೈತ ಕುಟುಂಬಕ್ಕೆ ಬೇಕಾದದ್ದು ಒಂದೇ ಅಂಕಿ: ಕೈಯಿಂದ ಎಷ್ಟು ಹೋಗುತ್ತದೆ? ಸರ್ಕಾರ ಅದನ್ನು ಹೇಳುವುದಿಲ್ಲ. ಮೆಸೇಜು ಹೇಳಿದಂತೆ ನಟಿಸುತ್ತದೆ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಗಳು ಪ್ರಾಧಿಕಾರದ ಅರ್ಜಿಯಲ್ಲೇ ಇರುತ್ತವೆ, ಯೋಜನೆಗಳ ನಿಯಮಗಳು ಇಲಾಖೆಗಳ ಬಳಿ ಇವೆ. ಪ್ರತಿ ಕಾಲೇಜಿನ ಹೆಸರಿನ ಮುಂದೆ ಶುಲ್ಕ ಎಷ್ಟು, ಈ ಅರ್ಜಿದಾರ ಯಾವ ನೆರವಿಗೆ ಅರ್ಹ ಎಂಬುದನ್ನು ಆಪ್ಷನ್ ಪುಟದಲ್ಲೇ ತೋರಿಸಲು ಹೊಸ ಕಾಯ್ದೆಯೇನೂ ಬೇಕಿಲ್ಲ.