ಯಾರೂ ಆರಿಸದ ಆಕಾಶ

ಬ್ಲೇಜಾರ್‌ಗಳ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಅವು ಉರಿದೆದ್ದಾಗ ನೋಡಿ ತಿಳಿದದ್ದು. ದೂರದ ಗೆಲಾಕ್ಸಿಯ ನಡುವೆ ಕೋಟಿಗಟ್ಟಲೆ ಸೂರ್ಯರ ತೂಕದ ಕಪ್ಪುಕುಳಿ. ಅದರ ಬಳಿಯಿಂದ ಬೆಳಕಿನ ವೇಗಕ್ಕೆ ತೀರ ಸಮೀಪದ ವೇಗದಲ್ಲಿ ಚಿಮ್ಮುವ ಕಣಗಳ ಧಾರೆ. ಆ ಧಾರೆಯ ಮುಖ ನೇರ ನಮ್ಮ ಕಡೆಗೆ. ಇವಿಷ್ಟು ಕೂಡಿದರೆ ಬ್ಲೇಜಾರ್. ನಮ್ಮತ್ತ ಮುಖ ಮಾಡಿರುವುದರಿಂದಲೇ ಅದರ ಹೊಳಪು ಹಲವು ಪಟ್ಟು ಹಿಗ್ಗಿ ಕಾಣುತ್ತದೆ, ಕೆಲವೊಮ್ಮೆ ಗಂಟೆಗಳಲ್ಲೇ ಏರಿಳಿಯುತ್ತದೆ. ಏರಿದ ಸುದ್ದಿ ಬಂದೊಡನೆ ದೂರದರ್ಶಕಗಳು ಆ ಕಡೆ ತಿರುಗುತ್ತವೆ, ಪ್ರಬಂಧಗಳು ಹುಟ್ಟುತ್ತವೆ. ತಪ್ಪೇನೂ ಇಲ್ಲ. ಆದರೆ ಬ್ಲೇಜಾರ್‌ಗಳ ಇಡೀ ಕುಲವನ್ನು ಅರಿಯಬೇಕಾದರೆ ಸದ್ದು ಮಾಡಿದವನ್ನಷ್ಟೇ ನೋಡಿದರೆ ಸಾಲದು. ಇಡೀ ಆಕಾಶವನ್ನು ವರ್ಷಗಟ್ಟಲೆ ಒಂದೇ ಅಳತೆಯಲ್ಲಿ ನೋಡಿಟ್ಟ ದಾಖಲೆ ಬೇಕು. ಕಠಿಣ ಎಕ್ಸ್-ಕಿರಣಗಳ, ಅಂದರೆ ಹತ್ತಾರು ಸಾವಿರ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಕಿರಣಗಳ ಸಮೀಕ್ಷೆ ಅಂಥ ದಾಖಲೆ. ಅದಕ್ಕೆ ನಮ್ಮಲ್ಲಿ ಸಲ್ಲಬೇಕಾದ ಬೆಲೆ ಸಂದಿಲ್ಲ ಎಂಬುದು ನನ್ನ ವಾದ. ಅದರ ಹೆಸರಿನಲ್ಲಿ ಆಡುವ ಮಾತೆಲ್ಲ ಗಟ್ಟಿಯಲ್ಲ ಎಂಬುದೂ ಅದೇ ವಾದದ ಭಾಗ.

ಈ ಬಗೆಯ ಮೊದಲ ದೊಡ್ಡ ಪ್ರಯತ್ನ 1977ರಲ್ಲಿ ಹಾರಿದ ಅಮೆರಿಕದ ಹಿಯೋ-1 ಉಪಗ್ರಹದ್ದು. ಅದರ ಕಠಿಣ ಎಕ್ಸ್-ಕಿರಣ ಪಟ್ಟಿಯಲ್ಲಿದ್ದ ಮೂಲಗಳು ಎಪ್ಪತ್ತರ ಆಸುಪಾಸು. ಇಂದಿನ ಹೆಚ್ಚಿನ ಕೆಲಸಕ್ಕೆ ಆಧಾರವಾಗಿರುವುದು 2004ರ ನವೆಂಬರಿನಲ್ಲಿ ಹಾರಿದ ಸ್ವಿಫ್ಟ್ ಉಪಗ್ರಹದ ಬ್ಯಾಟ್ ಉಪಕರಣ. ಇಷ್ಟು ಶಕ್ತಿಯ ಕಿರಣಗಳನ್ನು ಮಸೂರ, ಕನ್ನಡಿಗಳಿಂದ ವಿಶಾಲ ಆಕಾಶದುದ್ದಕ್ಕೂ ಹಿಡಿಯಲಾಗದು. ಹಾಗಾಗಿ ಬ್ಯಾಟ್‌ನಲ್ಲಿರುವುದು ಐವತ್ತು ಸಾವಿರಕ್ಕೂ ಹೆಚ್ಚು ಸೀಸದ ಸಣ್ಣ ಬಿಲ್ಲೆಗಳನ್ನು ಗೊತ್ತುಗುರಿಯಿಲ್ಲದಂತೆ ಜೋಡಿಸಿದ ಒಂದು ಹೊದಿಕೆ, ಅದರ ಕೆಳಗೆ 32,768 ಶೋಧಕಗಳು. ಮಂಗಳೂರಿನ ಉರ್ವದ ಹಳೆಯ ಮನೆಗಳ ಹೆಂಚಿನ ಮಾಡನ್ನು ಕಂಡವರಿಗೆ ಇದು ಬೇಗ ಅರ್ಥವಾದೀತು: ಅರ್ಧದಷ್ಟು ಹೆಂಚು ಅಲ್ಲಲ್ಲಿ ಹಾರಿಹೋದ ಮಾಡಿನ ಕೆಳಗೆ ನೆಲದ ಮೇಲೆ ಬೀಳುವ ಬಿಸಿಲು ನೆರಳಿನ ಚಿತ್ತಾರ ನೋಡಿಯೇ ಸೂರ್ಯ ಎಲ್ಲಿದ್ದಾನೆಂದು ಹೇಳಬಹುದು. ಬ್ಯಾಟ್ ನೂರಾರು ಮೂಲಗಳ ನೆರಳುಗಳನ್ನು ಒಟ್ಟಿಗೆ ಬಿಡಿಸುತ್ತದೆ. ಒಂದೇ ನೋಟಕ್ಕೆ ಆಕಾಶದ ಹತ್ತನೇ ಒಂದು ಪಾಲು ಅದಕ್ಕೆ ಸಿಗುತ್ತದೆ.

ಇಲ್ಲಿ ಗಮನಿಸಬೇಕಾದದ್ದು, ಬ್ಯಾಟ್ ಹುಟ್ಟಿದ್ದು ಬ್ಲೇಜಾರ್‌ಗಳಿಗಾಗಿ ಅಲ್ಲ. ಗ್ಯಾಮಾ ಕಿರಣಗಳ ಸ್ಫೋಟ ಎಲ್ಲಿ ಕಾಣಿಸೀತೆಂದು ಕಾಯುವುದು ಅದರ ಕೆಲಸ. ಸ್ಫೋಟ ಎಲ್ಲಿಯೂ ಆಗಬಹುದಾದ್ದರಿಂದ ಅದರ ನೋಟ ಆಕಾಶದ ತುಂಬ ಹೆಚ್ಚುಕಡಿಮೆ ಸಮನಾಗಿ ಹರಡಿತು. ಸಮೀಕ್ಷೆ ಆ ಕಾಯುವಿಕೆಯ ಉಪಫಲ. ಇದನ್ನು ಕೊರತೆಯೆಂದು ಎಣಿಸುವವರಿದ್ದಾರೆ. ನನಗೆ ಇದೇ ಅದರ ದೊಡ್ಡ ಗುಣವೆನಿಸುತ್ತದೆ. ಯಾವ ಬ್ಲೇಜಾರ್ ಮುಖ್ಯವೆಂದು ಯಾರೂ ಮೊದಲೇ ತೀರ್ಮಾನಿಸಿರಲಿಲ್ಲ. 105 ತಿಂಗಳ ದತ್ತಾಂಶದಿಂದ 2018ರಲ್ಲಿ ಹೊರಬಂದ ಪಟ್ಟಿಯಲ್ಲಿ 1,632 ಮೂಲಗಳಿದ್ದವು. ಅವುಗಳಲ್ಲಿ 146 ಬ್ಲೇಜಾರ್‌ಗಳನ್ನು ಎತ್ತಿಕೊಂಡು 2019ರಲ್ಲಿ ಪ್ರಕಟವಾದ ಅಧ್ಯಯನದ ನೇತೃತ್ವ ವೈದೇಹಿ ಪಾಲಿಯಾ ಅವರದು; ಬ್ಲೇಜಾರ್ ಕುರಿತು ಅವರ ಮೊದಲ ಕೆಲಸಗಳು ನಡೆದದ್ದು ಬೆಂಗಳೂರು ಕೋರಮಂಗಲದ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯಲ್ಲಿ. ಫರ್ಮಿ ಉಪಗ್ರಹದ ಸುಮಾರು ಹತ್ತು ವರ್ಷಗಳ ಗ್ಯಾಮಾ ದತ್ತಾಂಶದೊಂದಿಗೆ ತಾಳೆ ನೋಡಿದಾಗ 99 ಅಲ್ಲಿಯೂ ಸಿಕ್ಕವು, 47 ಸಿಗಲಿಲ್ಲ.

ಫರ್ಮಿಯ ಪಟ್ಟಿಯಲ್ಲಿ ಬ್ಲೇಜಾರ್‌ಗಳು ಸಾವಿರಗಟ್ಟಲೆ ಇವೆ. ಅದರ ಮುಂದೆ 146 ಎಂಬ ಸಂಖ್ಯೆ ಬಡವಾಗಿ ಕಾಣುತ್ತದೆ. ಆದರೆ ಆ 47ಕ್ಕೆ ಉತ್ತರ ಕೊಡಬೇಕಾದದ್ದು ದೊಡ್ಡ ಪಟ್ಟಿಯೇ. ಬ್ಲೇಜಾರ್‌ನ ಬೆಳಕನ್ನು ರೇಡಿಯೋದಿಂದ ಗ್ಯಾಮಾವರೆಗೆ ಗೀಟಿ ನೋಡಿದರೆ ಎರಡು ಗುಡ್ಡ ಕಾಣುತ್ತವೆ. ಮೊದಲನೆಯದು ಕಾಂತಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನ್‌ಗಳು ಸೂಸಿದ್ದು. ಎರಡನೆಯದು ಅವೇ ಎಲೆಕ್ಟ್ರಾನ್‌ಗಳು ಸುತ್ತಲಿನ ಮಂದ ಬೆಳಕಿಗೆ ಡಿಕ್ಕಿ ಹೊಡೆದು ಅದರ ಶಕ್ತಿ ಹೆಚ್ಚಿಸಿದ್ದು ಎಂಬುದು ಹೆಚ್ಚು ಜನ ಒಪ್ಪಿದ ವಿವರಣೆ. ಬ್ಲೇಜಾರ್ ಬಲಿಷ್ಠವಾದಷ್ಟೂ ಗುಡ್ಡಗಳು ಕಡಿಮೆ ಶಕ್ತಿಯ ಕಡೆಗೆ ಸರಿಯುತ್ತವೆ. ದೂರವಾದಷ್ಟೂ ವಿಶ್ವದ ಹಿಗ್ಗುವಿಕೆ ಅವನ್ನು ಇನ್ನಷ್ಟು ಸರಿಸುತ್ತದೆ. ಹಾಗೆ ಅತಿ ಬಲದ, ಅತಿ ದೂರದ ಬ್ಲೇಜಾರ್‌ಗಳ ಎರಡನೇ ಗುಡ್ಡದ ನೆತ್ತಿ ಫರ್ಮಿಯ ವ್ಯಾಪ್ತಿಯಿಂದ ಕೆಳಗೆ ಜಾರಿ, ಏರುಭಾಗ ಬ್ಯಾಟ್‌ನ ಎದುರಿಗೆ ಬರುತ್ತದೆ. ಬೆಳಕು ಹೊರಟು 1,000 ಕೋಟಿ ವರ್ಷ ದಾಟಿದ ಮೂಲಗಳು ಈ ಸಣ್ಣ ಪಟ್ಟಿಯಲ್ಲಿವೆ. ಕಪ್ಪುಕುಳಿಗಳು ವಿಶ್ವದ ಬಾಲ್ಯದಲ್ಲೇ ಅಷ್ಟು ದಪ್ಪಗಾದದ್ದು ಹೇಗೆ ಎಂಬ ಪ್ರಶ್ನೆಗೆ ಬೇಕಾದ ಸಾಕ್ಷಿಗಳು ಇವೇ.

ಇನ್ನು ಆಕ್ಷೇಪಗಳಿಗೆ ಬರೋಣ. ಯಾರೂ ಆರಿಸಿಲ್ಲವೆಂದರೆ ಪಕ್ಷಪಾತವೇ ಇಲ್ಲವೆಂದಲ್ಲ. ಬ್ಯಾಟ್ ಒಂದು ಮೂಲವನ್ನು ಚಂದ್ರಬಿಂಬದ ಮೂರನೇ ಎರಡರಷ್ಟು ಅಗಲದ ಮಸುಕಾಗಿ ಕಾಣುತ್ತದೆ; ಅದು ಬ್ಲೇಜಾರ್ ಹೌದೋ ಅಲ್ಲವೋ ಎಂದು ಹೇಳುವುದು ರೇಡಿಯೋ ಆಧಾರದ ಹಳೆಯ ಪಟ್ಟಿಗಳು, ಮುಖ್ಯವಾಗಿ 3,561 ಹೆಸರುಗಳ ರೋಮಾ ಪಟ್ಟಿ. ನೋಟ ಸ್ವಂತದ್ದು, ಹೆಸರಿಟ್ಟದ್ದು ಸಾಲದ್ದು. ಇದರ ಪರಿಣಾಮ ಸಣ್ಣದಲ್ಲ. 2009ರಲ್ಲಿ ಅಜೆಲ್ಲೊ ಮತ್ತು ಸಂಗಡಿಗರು ಬ್ಯಾಟ್‌ನ ಮೂರು ವರ್ಷದ 38 ಬ್ಲೇಜಾರ್‌ಗಳಿಂದ ಲೆಕ್ಕಹಾಕಿ, ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್ ಆಸುಪಾಸಿನಲ್ಲಿ ಇಡೀ ಆಕಾಶದಿಂದ ಬರುವ ಹಿನ್ನೆಲೆ ಬೆಳಕನ್ನು ಬಲಿಷ್ಠ ಬ್ಲೇಜಾರ್‌ಗಳೇ ಹೆಚ್ಚುಕಡಿಮೆ ಪೂರ್ತಿ ವಿವರಿಸಬಲ್ಲವು ಎಂದರು. 2020ರಲ್ಲಿ ಟೋಡಾ ಮತ್ತಿತರರು ಅದೇ ಉಪಕರಣದ ದೊಡ್ಡ ಪಟ್ಟಿಯಿಂದ 53 ಮೂಲಗಳನ್ನು ತೆಗೆದುಕೊಂಡು, ಆ ಪಾಲು ಸುಮಾರು ಶೇ. 3 ಮಾತ್ರ ಎಂದರು. ನೂರಕ್ಕೂ ಮೂರಕ್ಕೂ ಇರುವ ಅಂತರ ಬರಿಯ ದತ್ತಾಂಶದ್ದಲ್ಲ. ದೂರದ ಬೆರಳೆಣಿಕೆಯ ಮೂಲಗಳ ಮೇಲೆ ವಿಕಾಸದ ಗೆರೆಯನ್ನು ಹೇಗೆ ಎಳೆಯುತ್ತೇವೆ ಎಂಬುದರದ್ದು. ಸಮೀಕ್ಷೆಯನ್ನು ಮೆಚ್ಚುವವರು ಈ ದುರ್ಬಲತೆಯನ್ನು ಅಡಿಟಿಪ್ಪಣಿಗೆ ತಳ್ಳಬಾರದು. ಆದರೂ, ಎರಡನೇ ಲೆಕ್ಕ ಮೊದಲನೆಯದನ್ನು ಪ್ರಶ್ನಿಸಲು ಸಾಧ್ಯವಾದದ್ದು ಎಷ್ಟು ಮಂದ ಮೂಲದವರೆಗೆ ನೋಡಿದ್ದೇವೆ ಎಂಬ ಮಿತಿಯನ್ನು ಸಮೀಕ್ಷೆ ಬರೆದಿಟ್ಟಿದ್ದರಿಂದ. ಉರಿದೆದ್ದಾಗ ಮಾತ್ರ ನೋಡಿದ ಸಂಗ್ರಹದಲ್ಲಿ ಹೀಗೆ ತಪ್ಪು ಹಿಡಿಯುವ ದಾರಿಯೇ ಇರುವುದಿಲ್ಲ.

ನಮ್ಮ ನಾಡಿನ ಕೆಲಸವನ್ನು ಈ ಅಳತೆಯಲ್ಲಿ ನೋಡಬೇಕು. ಉರ್ವದಿಂದ ಹೆದ್ದಾರಿ ಹಿಡಿದು ಉಡುಪಿಯ ಕಡೆ ಹೊರಟರೆ ಸಿಗುವ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ಮುಂದಾಳತ್ವದ ಆರ್ಯಭಟ 1975ರಲ್ಲಿ ಹಾರಿದಾಗಲೇ ಅದರಲ್ಲಿ ಎಕ್ಸ್-ಕಿರಣ ಪ್ರಯೋಗವಿತ್ತು. ವಿದ್ಯುತ್ ಪೂರೈಕೆ ಕೈಕೊಟ್ಟು ಕೆಲವೇ ದಿನಗಳಲ್ಲಿ ನಿಂತಿತು. ಅವರ ಹೆಸರಿನ ಬೆಂಗಳೂರಿನ ಕೇಂದ್ರದಲ್ಲಿ ರೂಪುಗೊಂಡ ಆಸ್ಟ್ರೋಸ್ಯಾಟ್ 2015ರ ಸೆಪ್ಟೆಂಬರ್ 28ರಂದು ಕಕ್ಷೆ ಸೇರಿತು. ಅತಿನೇರಳೆಯಿಂದ ಕಠಿಣ ಎಕ್ಸ್-ಕಿರಣದವರೆಗೆ ಒಂದೇ ಮೂಲವನ್ನು ಏಕಕಾಲಕ್ಕೆ ನೋಡುವ ಅದರ ಶಕ್ತಿ ಅಪರೂಪದ್ದು. ಮಾರ್ಕರಿಯನ್ 421ರಂಥ ಹತ್ತಿರದ ಬ್ಲೇಜಾರ್‌ಗಳಲ್ಲಿ ಬೆಳಕು ಹೇಗೆ ಏರಿಳಿಯಿತು, ಆಗ ರೋಹಿತ ಹೇಗೆ ಬಾಗಿತು ಎಂದು ಬಿಡಿಸಲು ಅಂಥ ನೋಟವೇ ಬೇಕು. ಬ್ಯಾಟ್‌ನ ಎಂಟು ಪಟ್ಟಿಗಳ ಒರಟು ರೋಹಿತಕ್ಕೆ ಅದು ದಕ್ಕುವುದಿಲ್ಲ. ಆದರೆ ಆಸ್ಟ್ರೋಸ್ಯಾಟ್ ಎಲ್ಲಿ ನೋಡಬೇಕೆಂದು ತೀರ್ಮಾನವಾಗುವುದು ಪ್ರಸ್ತಾವಗಳಿಂದ. ಪ್ರಸ್ತಾವ ಗೆಲ್ಲುವುದು ಈಗಾಗಲೇ ಹೆಸರಾದ ಮೂಲ. ಅದರ ಆಕಾಶ ಸ್ಕ್ಯಾನ್ ಮಾಡುವ ಉಪಕರಣ ಕೆಲಸ ಮಾಡುವುದು 10 ಕಿಲೋ ಎಲೆಕ್ಟ್ರಾನ್ ವೋಲ್ಟ್‌ಗಿಂತ ಕೆಳಗೆ, ಅದೂ ಪ್ರಕಾಶಮಾನವಾದ ಮೂಲಗಳಿಗೆ. ಕೆಲವನ್ನು ಆಳವಾಗಿ ಅರಿತೆವು; ಕುಲದ ಎಣಿಕೆಯನ್ನು ಬೇರೆಯವರಿಗೆ ಬಿಟ್ಟೆವು.

ಬಿಟ್ಟರೇನು, ಬ್ಯಾಟ್‌ನ ದತ್ತಾಂಶ ಎಲ್ಲರಿಗೂ ತೆರೆದಿದೆಯಲ್ಲ, ಉರ್ವದಲ್ಲಿ ಕೂತ ವಿದ್ಯಾರ್ಥಿಯೂ ಇಳಿಸಿಕೊಳ್ಳಬಹುದಲ್ಲ ಎಂದು ಕೇಳಬಹುದು. ಬಡ ದೇಶ ಇದ್ದುದನ್ನು ಬಳಸುವುದೇ ಜಾಣತನ ಎಂಬ ಈ ವಾದಕ್ಕೆ ತೂಕವಿದೆ. ಆದರೆ ಒಂದೇ ಉಪಕರಣದ ಮೇಲೆ ಎಲ್ಲರೂ ನಿಂತಾಗ ಅದರ ದೋಷ ಎಲ್ಲರ ದೋಷವಾಗುತ್ತದೆ. ಬ್ಯಾಟ್‌ಗೆ ಜೊತೆಯಾಗಿದ್ದ ಯುರೋಪಿನ ಇಂಟೆಗ್ರಲ್ 2025ರ ಫೆಬ್ರವರಿಯಲ್ಲಿ ಕೆಲಸ ನಿಲ್ಲಿಸಿತು; ಸ್ವಿಫ್ಟ್‌ನ ಕಕ್ಷೆ ಇಳಿಯುತ್ತಾ ಬಂದಿದೆ. ವರ್ಷಗಳ ಸರಾಸರಿಯಲ್ಲಿ ಬ್ಲೇಜಾರ್‌ನ ಜೀವವೇ ಆದ ಏರಿಳಿತ ಅಳಿಸಿಹೋಗುತ್ತದೆ ಎಂಬ ಇನ್ನೊಂದು ದೂರೂ ಉಂಟು. ನಿಜ, ಒಂದು ಬ್ಲೇಜಾರ್‌ನ ಭೌತವಿಜ್ಞಾನಕ್ಕೆ ಅದು ನಷ್ಟ. ಎಣಿಕೆಗೆ ಮಾತ್ರ ಸರಾಸರಿಯೇ ಬೇಕು. ಇಲ್ಲದಿದ್ದರೆ ಒಂದು ವಾರ ಅಬ್ಬರಿಸಿದ್ದು ಹತ್ತು ವರ್ಷ ಬೆಳಗಿದ್ದಕ್ಕೆ ಸಮನಾಗಿ ಕೂರುತ್ತದೆ. ಅಮೆರಿಕದ ಕೋಸಿ ಉಪಗ್ರಹ 2027ರಲ್ಲಿ ಹಾರುವ ಯೋಜನೆಯಿದೆ. ಅದು ನೋಡಲಿರುವುದು 2 ಲಕ್ಷದಿಂದ 50 ಲಕ್ಷ ಎಲೆಕ್ಟ್ರಾನ್ ವೋಲ್ಟ್‌ವರೆಗೆ, ಗುಡ್ಡದ ನೆತ್ತಿ ಇರುವ ಕಡೆಗೇ. 2009ರ ಲೆಕ್ಕ ನಿಲ್ಲುತ್ತದೆಯೋ 2020ರದ್ದೋ ಎಂದು ಆಗ ನೇರವಾಗಿ ಪರೀಕ್ಷಿಸಬಹುದು. ಆ ಹೊತ್ತಿಗೆ ಗುಡ್ಡದ ಏರುಭಾಗವನ್ನು ಇಡೀ ಆಕಾಶದುದ್ದಕ್ಕೂ ಅಳೆಯುವ ಇನ್ನೊಂದು ಉಪಕರಣ ಮೇಲಿರಬೇಕಾಗುತ್ತದೆ. ಬೆಂಗಳೂರಿನ ಮುಂದಿನ ಎಕ್ಸ್-ಕಿರಣ ಉಪಗ್ರಹದ ಪ್ರಸ್ತಾವ ಬರೆಯುವವರು ಮೊದಲು ಚರ್ಚಿಸಬೇಕಾದದ್ದು ಅದನ್ನು.