ದುಂಬಿಯೆಂಬ ಹೆಸರೂ ಕೊಂಬಿನ ಕೀಟಗಳೂ

ಗಿಲ್ಬರ್ಟ್ ಆರೋ ಎಂಬ ವಿದ್ವಾಂಸರ 1910ರ ಸಂಪುಟವು ಹಿಂದೂದೇಶದ ಕೊಂಬಿನ ಕೀಟಗಳನ್ನು ‘ಡೈನಾಸ್ಟಿನೀ’ ಎಂಬ ಉಪಕುಟುಂಬದಲ್ಲಿ ಇರಿಸಿರುವುದು. ಕನ್ನಡದಲ್ಲಿ ಇವಕ್ಕೆ ಬಂದಿರುವ ‘ಖಡ್ಗಮೃಗದ ದುಂಬಿ’ ಎಂಬ ಹೆಸರಿನ ಎರಡು ಪದಗಳೂ ವಿಚಾರಾರ್ಹವಾಗಿವೆ. ಕೊಂಬು ವರ್ಗಲಕ್ಷಣವಾಗಲಾರದು: 1758ರಲ್ಲಿ ಲಿನೇಯಸ್ ಪಂಡಿತನು ಹೆಸರಿಟ್ಟ, ತೆಂಗಿನ ಸುಳಿಯನ್ನು ಕೊರೆಯುವ ಜಾತಿಯಲ್ಲಿ ಹೆಣ್ಣಿಗೂ ಗಿಡ್ಡ ಕೊಂಬುಂಟು, ‘ಗಿಡಿಯೋನ್’ ಜಾತಿಯ ಹೆಣ್ಣಿಗೆ ಕೊಂಬೇ ಇಲ್ಲ, ಗಂಡಿನಲ್ಲಿಯೂ ಮರಿಹುಳುವಾಗಿದ್ದಾಗ ತಿಂದ ಆಹಾರಕ್ಕೆ ತಕ್ಕಂತೆ ಅದು ಹೆಚ್ಚುಕಡಮೆಯಾಗುವುದು.

‘ದುಂಬಿ’ಯದು ಇದಕ್ಕಿಂತ ದೊಡ್ಡ ತೊಡಕು. ಕಾವ್ಯದ ತುಂಬಿಯು ತೆಳುರೆಕ್ಕೆಯ, ಮಕರಂದವನ್ನು ಹೀರುವ, ಜೇನಿನ ಬಳಗದ ಕೀಟ. ಇದಕ್ಕಾದರೋ ಮುಂದಿನ ರೆಕ್ಕೆಗಳು ಗಟ್ಟಿ ಚಿಪ್ಪುಗಳು, ಮರಿ ಬೆಳೆಯುವುದು ತಿಪ್ಪೆಯಲ್ಲಿ. ಪಾಲಬಾವಿಯ ಬಾಲಕನು ಪದ್ಯಪಾಠದಲ್ಲಿ ಒಂದನ್ನೂ ವಿಜ್ಞಾನಪಾಠದಲ್ಲಿ ಮತ್ತೊಂದನ್ನೂ ಒಂದೇ ಪದದಿಂದ ಅರಿಯಬೇಕಾಗಿದೆ. ತೆಂಗಿನ ಜಾತಿಗಾದರೂ ದಕ್ಷಿಣ ಕನ್ನಡದ ತೋಟದವರ ‘ಕುರುವಾಯಿ’ ಎಂಬ ಮಾತು ಸಿದ್ಧವಾಗಿಯೇ ಇರುವಾಗ, ಪಾಠ ಬರೆಯುವವರು ಅದನ್ನು ಬಿಟ್ಟು ದುಂಬಿಯನ್ನು ಹಿಡಿಯುವುದು ಉಚಿತವಲ್ಲ.