ಎರೆಮಣ್ಣಿನ ನಾಡಿನಲ್ಲಿ ಡ್ರಿಬ್ಲಿಂಗ್ ತಾಲೀಮು

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಶಾಲಾ ಮೈದಾನಗಳಲ್ಲಿ ಕಬಡ್ಡಿ, ಖೋಖೋ, ವಾಲಿಬಾಲ್‌ಗೆ ಇರುವ ಮನ್ನಣೆ ಬ್ಯಾಸ್ಕೆಟ್‌ಬಾಲ್‌ಗೆ ಇಲ್ಲ. ಅದಕ್ಕೊಂದು ಕಾರಣ ಕಾಲ ಕೆಳಗೇ ಇದೆ. ಈ ಸೀಮೆಯ ಎರೆಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಚಪ್ಪಲಿಗೆ ಮೆತ್ತಿಕೊಂಡು ಬಿಡುವುದೇ ಇಲ್ಲ. ಎದೆಮಟ್ಟದಿಂದ ಬಿಟ್ಟ ಚೆಂಡು ಸೊಂಟದ ಹತ್ತಿರಕ್ಕಾದರೂ ಏಳಬೇಕು. ಎರೆಹೊಲದಲ್ಲಿ ಅದು ಮೊಣಕಾಲಿಗೂ ಬರುವುದಿಲ್ಲ. ಜೋಳ, ತೊಗರಿಗೆ ಒಲಿದ ನೆಲ ಈ ಆಟಕ್ಕೆ ಒಲಿಯದು.

ಆದರೂ ಬ್ಯಾಸ್ಕೆಟ್‌ಬಾಲ್‌ನ ಕೌಶಲಗಳಲ್ಲಿ ಇಲ್ಲಿಗೆ ಹೆಚ್ಚು ಒಗ್ಗುವುದು ಡ್ರಿಬ್ಲಿಂಗ್, ಅಂದರೆ ಚೆಂಡನ್ನು ಪುಟಿಸುತ್ತ ಸಾಗುವುದು. ಬುಟ್ಟಿ ಬೇಡ, 28 ಮೀಟರ್ ಉದ್ದ, 15 ಮೀಟರ್ ಅಗಲದ ಅಂಕಣವೂ ಬೇಡ. ಶಾಲೆಯ ಸಿಮೆಂಟ್ ಅಂಗಳವೋ ಪರಸಿ ಹಾಸಿದ ಮನೆಯ ಮುಂಭಾಗವೋ ಸಾಕು.

ನೆಲಕ್ಕೂ ಚೆಂಡಿಗೂ ಈ ಕೌಶಲದ ಜೊತೆಗಿರುವ ನಂಟು ಹಳೆಯದು. ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ 1891ರ ಡಿಸೆಂಬರ್‌ನಲ್ಲಿ ಈ ಆಟ ಕಟ್ಟಿದಾಗ ಅವರ 13 ನಿಯಮಗಳಲ್ಲಿ ಡ್ರಿಬ್ಲಿಂಗ್ ಇರಲಿಲ್ಲ. ಚೆಂಡು ಹಿಡಿದವ ಓಡುವಂತಿಲ್ಲ, ನಿಂತಲ್ಲಿಂದಲೇ ಎಸೆಯಬೇಕು. ಸುತ್ತುವರಿದ ಎದುರಾಳಿಗಳಿಂದ ತಪ್ಪಿಸಿಕೊಳ್ಳಲು ಆಟಗಾರರು ಚೆಂಡನ್ನು ನೆಲಕ್ಕೆ ಬಡಿದು ತಾವೇ ಮತ್ತೆ ಹಿಡಿಯತೊಡಗಿದರು. ಆಗಿನ ಚರ್ಮದ ಚೆಂಡಿಗೆ ದಾರದ ಹೊಲಿಗೆ, ಪುಟಿತವೂ ಅಂಕುಡೊಂಕು. ಅಚ್ಚಿನಲ್ಲಿ ತಯಾರಾದ, ಒಂದೇ ಸಮನೆ ಪುಟಿಯುವ ಚೆಂಡು 1940ರ ದಶಕದಲ್ಲಿ ಬಂದ ಮೇಲೆ ಈ ಕಲೆ ಬೇರೆಯೇ ಮಟ್ಟಕ್ಕೇರಿತು. ಆದ್ದರಿಂದ ಕೆಟ್ಟ ನೆಲದ ಮೇಲೆ ಗಾಳಿ ಇಳಿದ ಚೆಂಡು ಪುಟಿಸಿ ಸೋತ ಹುಡುಗನಿಗೆ 'ನಿನಗೆ ಕೈಗುಣವಿಲ್ಲ' ಎನ್ನುವುದು ಶುದ್ಧ ಅನ್ಯಾಯ.

ಈಗ ಈ ತಾಲೀಮು ಮಕ್ಕಳನ್ನು ತಲುಪುವುದು ಹೆಚ್ಚಾಗಿ ಮೊಬೈಲ್ ವಿಡಿಯೊ ಮೂಲಕ. ನಿಂತಲ್ಲೇ ಕಾಲುಗಳ ನಡುವೆ ಎಂಟರ ಆಕಾರದಲ್ಲಿ ಚೆಂಡು ಸುತ್ತಿಸುವುದು, ಬೆನ್ನ ಹಿಂದಿನಿಂದ ಕೈ ಬದಲಿಸುವುದು, ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಸ್ಟೀಫನ್ ಕರಿಯಂತೆ ಏಕಕಾಲಕ್ಕೆ ಎರಡು ಚೆಂಡು ಪುಟಿಸುವುದು. ಇವು ವ್ಯರ್ಥವಲ್ಲ. ಚೆಂಡು ಅಂಗೈಗೆ ತಾಗದೆ ಬೆರಳ ತುದಿಯ ಮೆತ್ತೆಗೆ ತಾಗಬೇಕು, ಬಡಿಯುವ ಬದಲು ಮಣಿಕಟ್ಟಿನಿಂದ ಒತ್ತಿ ಬಿಡಬೇಕು ಎಂಬ ಪಾಠ ಇವುಗಳಿಂದಲೇ ಕೈಗೆ ಇಳಿಯುತ್ತದೆ. ಎಡಗೈಗಂತೂ ಇದಕ್ಕಿಂತ ಒಳ್ಳೆಯ ಶಿಕ್ಷಣವಿಲ್ಲ.

ತೊಡಕು ಕಣ್ಣಿನದು. ಒಂಟಿಯಾಗಿ ಅಭ್ಯಾಸ ಮಾಡುವವರ ನೋಟ ಚೆಂಡಿನ ಮೇಲೇ ನೆಟ್ಟಿರುತ್ತದೆ. ಪಂದ್ಯದಲ್ಲಿ 8 ಸೆಕೆಂಡಿನೊಳಗೆ ಚೆಂಡು ಅರ್ಧ ಅಂಕಣ ದಾಟಬೇಕು, 24 ಸೆಕೆಂಡಿನೊಳಗೆ ಬುಟ್ಟಿಯತ್ತ ಎಸೆತವಾಗಬೇಕು. ತಲೆ ತಗ್ಗಿಸಿದವನಿಗೆ ಖಾಲಿ ನಿಂತ ಜೊತೆಗಾರನೂ ಕಾಣುವುದಿಲ್ಲ, ಪಕ್ಕದಿಂದ ಚೆಂಡಿಗೆ ಚಾಚಿದ ಕೈಯೂ ಕಾಣುವುದಿಲ್ಲ. ವಿಡಿಯೊದ ಚಮತ್ಕಾರ ಕಲಿತವರು ಪಂದ್ಯದಲ್ಲಿ ತಡವರಿಸುವುದು ಇಲ್ಲಿಯೇ. ನೋಟವನ್ನು ಚೆಂಡಿನಿಂದ ಬಿಡಿಸದ ಅಭ್ಯಾಸ, ಎಷ್ಟೇ ಬೆವರು ಹರಿಸಿದರೂ, ಅರ್ಧ ಅಭ್ಯಾಸವೇ. ಎದುರಿಗೊಬ್ಬ ಗೆಳೆಯ ನಿಂತು ಬೆರಳೆತ್ತಲಿ, ಪುಟಿಸುವವ ಎಷ್ಟು ಬೆರಳೆಂದು ಕೂಗಿ ಹೇಳಲಿ. ಖರ್ಚಿಲ್ಲದ ಈ ಉಪಾಯವು ವಾರಗಟ್ಟಲೆ ಎಂಟು ಸುತ್ತಿಸುವುದಕ್ಕಿಂತ ಹೆಚ್ಚು ಕಲಿಸುತ್ತದೆ.

ಈ ಊರುಗಳ ಮಕ್ಕಳಿಗೆ ಇನ್ನೊಂದು ಬಂಡವಾಳವಿದೆ, ಅದನ್ನು ತರಬೇತಿಯಲ್ಲಿ ಬಳಸದಿರುವುದು ದೊಡ್ಡ ನಷ್ಟ. ರೈಡ್‌ಗೆ ಹೋಗುವ ಕಬಡ್ಡಿ ಆಟಗಾರ ಸೊಂಟ ತಗ್ಗಿಸಿ, ಎದುರಾಳಿಗಳ ಮೇಲೆ ಕಣ್ಣಿಟ್ಟು, ಒಂದು ಕಡೆ ಹೋಗುವಂತೆ ತೋರಿಸಿ ಇನ್ನೊಂದು ಕಡೆ ಜಿಗಿಯುತ್ತಾನೆ. ಡ್ರಿಬ್ಲಿಂಗ್‌ನಲ್ಲಿ ರಕ್ಷಣೆಗಾರನನ್ನು ದಾಟುವುದಕ್ಕೂ ಬೇಕಾದದ್ದು ಇದೇ ಕಾಲ್ಚಳಕ, ಜೊತೆಗೆ ಚೆಂಡು. ಖೋಖೋದಲ್ಲಿ ಕಂಬ ಸುತ್ತಿ ತಿರುಗುವ ಹುಡುಗಿಗೆ ವೇಗ ತಗ್ಗಿಸದೆ ದಿಕ್ಕು ಬದಲಿಸುವುದನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಅವಳ ಕೈಗೆ ಚೆಂಡು ಕೊಟ್ಟು ಪ್ಲಾಸ್ಟಿಕ್ ಕೋನ್‌ಗಳ ನಡುವೆ ನಡೆಸುವ ಬದಲು, ಮೂರು ಮೀಟರ್ ಅಗಲದ ಪಟ್ಟಿಯಲ್ಲಿ ಜೀವಂತ ಎದುರಾಳಿಯ ಮುಂದೆ ನಿಲ್ಲಿಸಬೇಕು. ಕೋನ್ ಕೈಚಾಚುವುದಿಲ್ಲ.

ಚೆಂಡಿನ ಆಯ್ಕೆಯಲ್ಲೂ ಎಚ್ಚರ ಬೇಕು. ದೊಡ್ಡ ಹುಡುಗರ 7ನೇ ಅಳತೆಯ ಚೆಂಡನ್ನೇ ಐದನೇ ತರಗತಿಯ ಮಗುವಿಗೆ ಕೊಟ್ಟರೆ ಅದು ಅಂಗೈಯಿಂದ ಬಡಿಯುವುದನ್ನೇ ಕಲಿಯುತ್ತದೆ. ಚಿಕ್ಕವರಿಗೆ 5, ಹೈಸ್ಕೂಲು ಹುಡುಗಿಯರಿಗೆ 6ನೇ ಅಳತೆ ಸರಿ. ಒರಟು ಸಿಮೆಂಟಿಗೆ ಚರ್ಮದ ಚೆಂಡು ತಾಳುವುದಿಲ್ಲ, ರಬ್ಬರಿನದೇ ಲೇಸು. ಅದರ ಮೈಮೇಲಿನ ಗುಳ್ಳೆಗಳು ಸವೆದು ನುಣುಪಾದ ಮೇಲೆ, ಬೇಸಿಗೆಯ ದೂಳು ಕೂತ ಅಂಗಳದಲ್ಲಿ, ಬೆರಳಿಗೆ ಹಿಡಿತವೇ ಸಿಗುವುದಿಲ್ಲ. ಅಭ್ಯಾಸಕ್ಕೆ ಮೊದಲು ಅಂಗಳ ಗುಡಿಸುವುದೂ ತಾಲೀಮಿನ ಭಾಗವೇ.

2017ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಮಹಿಳಾ ಏಷ್ಯಾ ಕಪ್‌ನ 'ಬಿ' ವಿಭಾಗದ ಫೈನಲ್‌ನಲ್ಲಿ ಭಾರತ ಕಜಾಕಸ್ತಾನವನ್ನು 75–73ರಿಂದ ಸೋಲಿಸಿತು. ಅಂತರ ಒಂದೇ ಒಂದು ಬುಟ್ಟಿಯದು. ಅಂಥ ಪಂದ್ಯದ ಕೊನೆಯ ನಿಮಿಷಗಳಲ್ಲಿ ಚೆಂಡು ಕಳೆದುಕೊಳ್ಳದೆ ಅಂಕಣ ದಾಟಿಸುವ ಆಟಗಾರ್ತಿಯ ಬೆಲೆ ಎಷ್ಟೆಂದು ವಿವರಿಸಬೇಕಿಲ್ಲ. ಸಿಂದಗಿಯ ಅಂಗಳದಿಂದ ಆ ಅಂಕಣ ದೂರವೇ. ಆದರೆ ಇಲ್ಲಿನ ದೈಹಿಕ ಶಿಕ್ಷಕರು ಕಬಡ್ಡಿ ತಂಡದ ಕೈಗೆ ವಾರಕ್ಕೆರಡು ಸಂಜೆ ರಬ್ಬರ್ ಚೆಂಡು ಕೊಡಲು ಯಾರ ಮಂಜೂರಾತಿಗೂ ಕಾಯಬೇಕಿಲ್ಲ.